ದೇವರ ಕರೆ ಅಂತ ನಿಮಗೆ ಹೇಗೆ ಗೊತ್ತಾಯಿತು? ಅನುಭವ ಇದ್ದವರು ದಯವಿಟ್ಟು ಬರೆಯಿರಿ

ಪ್ರಶ್ನೆ (ಪುಣೆ, ಹಿಂಜವಡಿ)

ಎಲ್ಲರಿಗೂ ವಂದನೆ. ನನಗೆ 27 ವರ್ಷ. ಊರು ಧಾರವಾಡ, ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಸಭೆಯವರು ನಾವು. ಐದು ವರ್ಷದಿಂದ ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಕಳೆದ ತಿಂಗಳು ಲೋಣಾವಳದಲ್ಲಿ ಯುವಜನರ ಶಿಬಿರ ಇತ್ತು. ಕೊನೆಯ ರಾತ್ರಿ ಬೋಧಕರು, ಪೂರ್ಣಾವಧಿ ಸೇವೆಗೆ ದೇವರು ಯಾರನ್ನು ಕರೆಯುತ್ತಿದ್ದಾರೋ ಅವರು ಎದ್ದು ನಿಲ್ಲಿ ಅಂದರು. ನಾನು ನಿಂತೆ. ಕಣ್ಣಲ್ಲಿ ನೀರು ಬಂತು, ಅದು ಸುಳ್ಳಲ್ಲ. ಆದರೆ ಸೋಮವಾರ ಆಫೀಸಿಗೆ ಹೋದಾಗಿನಿಂದ ಒಂದೇ ತಳಮಳ. ತಂಗಿ ಮದುವೆಗೆ ಮಾಡಿದ ಸಾಲ ಇನ್ನೂ ನಾಲ್ಕು ಲಕ್ಷ ಇದೆ, ಅಪ್ಪ ರಿಟೈರ್ ಆಗಿದ್ದಾರೆ, ಅಮ್ಮನಿಗೆ ಹೇಳಲು ಧೈರ್ಯ ಸಾಲುತ್ತಿಲ್ಲ. ಕೆಲಸ ಬಿಟ್ಟು ಬೈಬಲ್ ಕಾಲೇಜು ಸೇರಬೇಕಾ? ನಿಂತವನು ಈಗ ಕೂತರೆ ದೇವರಿಗೆ ಕೊಟ್ಟ ಮಾತು ಮುರಿದ ಹಾಗಾ? ನಿಮಗೆ ಹೇಗೆ ಗೊತ್ತಾಯಿತು, ಅದನ್ನು ಹೇಳಿ.

ಭೋಸರಿಯಿಂದ

ತಮ್ಮಾ, ಮೊದಲು ಸಾಲ ತೀರಿಸು. ಒರಟಾಗಿ ಹೇಳುತ್ತಿಲ್ಲ. ನಿನ್ನ ಸಾಲವನ್ನು ಅಪ್ಪನ ಪೆನ್ಷನ್ ಮೇಲೆ ಹಾಕಿ ಬಾ ಅಂತ ದೇವರು ಕರೆಯುವುದಿಲ್ಲ ಅಂತ ನಾನು ನಂಬಿದ್ದೇನೆ.

ನಾನು 22 ವರ್ಷದಿಂದ ಗಾಡಿಯ ಬಿಡಿಭಾಗ ಮಾಡುವ ಕಡೆ ಕ್ವಾಲಿಟಿ ಇನ್‌ಸ್ಪೆಕ್ಟರ್. ಒಂದು ಮಾರ್ಚ್ ಕೊನೆಯಲ್ಲಿ ಬ್ರೇಕಿಗೆ ಹೋಗುವ ಒಂದು ಲಾಟ್ ಅಳತೆ ತಪ್ಪಿತ್ತು. ತಿಂಗಳ ಟಾರ್ಗೆಟ್ ಇದೆ, ಸಹಿ ಹಾಕು ಅಂದರು. ಮೈಕ್ರೋಮೀಟರ್ ಇಟ್ಟು ಮೂರು ಸಲ ನೋಡಿದೆ, ಮೂರು ಸಲವೂ ಅದೇ ಅಂಕಿ. ಹಾಕಲಿಲ್ಲ. ಆ ವರ್ಷ ಪ್ರಮೋಶನ್ ಬರಲಿಲ್ಲ, ಮನೆಯಲ್ಲಿ ಬೈಸಿಕೊಂಡೆ. ಆದರೆ ಆ ಬ್ರೇಕ್ ನಂಬಿ ಯಾರದೋ ಮಗು ಸ್ಕೂಟರ್ ಮುಂದೆ ನಿಂತಿರುತ್ತೆ ಅಲ್ವಾ? ಸುವಾರ್ತೆ ಸಾರಿದ ಪೌಲನೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುತ್ತಿದ್ದ. ವಾರಕ್ಕೆ ಆರು ದಿನ ನಾನು ನಿಲ್ಲುವ ಮೇಜೇ ನನಗೆ ಕರೆ ಬಂದ ಜಾಗ. ನಿನ್ನ ಕೆಲಸವೂ ತಪ್ಪು ಹುಡುಕುವುದೇ ತಾನೇ? ಅದನ್ನು ಕೀಳು ಅಂತ ತಿಳಿಯಬೇಡ.

ಡೊಂಬಿವಲಿಯಿಂದ

ನಿನ್ನ ತಾಯಿಯ ವಯಸ್ಸು ನನ್ನದು, ಅದಕ್ಕೆ ಏಕವಚನ. ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ಬೀದರ್ ಕಡೆಯಿಂದ ಬಂದವಳು, ಮೆಥಡಿಸ್ಟ್ ಸಭೆ.

ನನಗೂ 20ನೇ ವಯಸ್ಸಿನಲ್ಲಿ ಒಬ್ಬ ಬೋಧಕರು ತಲೆ ಮೇಲೆ ಕೈಯಿಟ್ಟು, ನೀನು ದೂರದ ಜನಗಳ ನಡುವೆ ಸೇವೆ ಮಾಡುತ್ತೀ ಅಂದಿದ್ದರು. ಅದನ್ನು ಎದೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಕಾದೆ. ಮದುವೆ, ಮಕ್ಕಳು, 7:40ರ ಫಾಸ್ಟ್ ಲೋಕಲ್, ಸಂಜೆ ಅಡುಗೆ. ನನ್ನ ಕರೆ ಎಲ್ಲೋ ಕಳೆದುಹೋಯಿತು ಅಂತ ಅಳುತ್ತಿದ್ದೆ. ಒಳ್ಳೆಯ ಮಿಷನರಿ ಆಗಬೇಕಿದ್ದವಳು ಕೌಂಟರಿನಲ್ಲಿ ಡಿಡಿ ಬರೆಯುತ್ತಾ ಕೂತಿದ್ದೇನೆ ಅಂತ.

2011ರಲ್ಲಿ ಅತ್ತೆಗೆ ಗಂಟಲಿನ ಕ್ಯಾನ್ಸರ್ ಆಯಿತು. ಮುಂಬೈ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಓಡಾಟ. ಒಂದು ಬೆಳಿಗ್ಗೆ ನಮ್ಮ ಪಕ್ಕದ ಬೆಂಚಿನಲ್ಲಿ ಸಿಂಧನೂರು ಕಡೆಯ ಒಬ್ಬ ಅಜ್ಜಿ ಅಳುತ್ತಾ ಕೂತಿದ್ದರು. ಜೊತೆಗೆ 19 ವರ್ಷದ ಮೊಮ್ಮಗ. ಎಕ್ಸ್‌ರೇ, ಫೈಲು ಎಲ್ಲಾ ಒಂದು ಕೆಂಪು ಟವೆಲ್ಲಿನಲ್ಲಿ ಗಂಟು ಕಟ್ಟಿದ್ದರು. ಏನಾಯಿತವ್ವ ಅಂದೆ. ಕನ್ನಡ ಕೇಳಿದ್ದೇ ತಡ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಹಿಂದಿನ ದಿನ ಸ್ಕ್ಯಾನಿಂಗ್‌ಗೆ ಅಂತ ಯಾರೋ ಅವರಿಗೆ ಹಿಂದಿಯಲ್ಲಿ, ನಾಳೆ ‘ಖಾಲಿ ಪೇಟ್’ ಬನ್ನಿ ಅಂದಿದ್ದಾರೆ. ಬರೀ ಹೊಟ್ಟೆಯಲ್ಲಿ ಬನ್ನಿ ಅಂತ. ಅಜ್ಜಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಪ್ಯಾಟಿ ಖಾಲಿ ಇರೂ ಹೊತ್ತಿಗೆ ಬಾ ಅಂದ್ರು ಅಂತ ತಿಳಕೊಂಡ್ನೆವ್ವ." ಅದಕ್ಕೇ ನಸುಕಿನಲ್ಲಿ ಎದ್ದು, ಹುಡುಗನಿಗೆ ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ, ಅಂಗಡಿ ಬಾಗಿಲು ತೆರೆಯುವ ಮುಂಚೆ ಬಂದು ಕೂತಿದ್ದರು. ಸ್ಕ್ಯಾನ್ ಆಗಲಿಲ್ಲ. ಮುಂದಿನ ತಾರೀಖು ಕೊಟ್ಟರು.

ಯಾರ ತಪ್ಪೂ ಇರಲಿಲ್ಲ ಅಲ್ಲಿ. ಒಂದು ಪದ ಮಾತ್ರ ತಪ್ಪಿತ್ತು. ನಾನು ಬ್ಯಾಗಿಂದ ಒಂದು ಚಲನ್ ತೆಗೆದು ಅದರ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ: ಗುರುವಾರ ಬೆಳಿಗ್ಗೆ ಏನೂ ತಿನ್ನಬಾರದು, ನೀರು ಕುಡಿಯಬಹುದಾ ಅಂತ ಮೊದಲು ಕೇಳಬೇಕು. ಹುಡುಗ ಓದಿದ. ಅಷ್ಟೇ. ಆಕಾಶ ತೆರೆಯಲಿಲ್ಲ, ಧ್ವನಿ ಕೇಳಲಿಲ್ಲ. ಆದರೆ ಆ ದಿನ ಲೋಕಲ್‌ನಲ್ಲಿ ನಿಂತು ಬರುವಾಗ ನನಗೆ ವರ್ಷಗಳಿಂದ ಇಲ್ಲದ ಸಮಾಧಾನ. ದೂರದ ಜನ ಅಂದರೆ ನಾನು ಆಫ್ರಿಕಾ ಅಂದುಕೊಂಡಿದ್ದೆ. ಅವರು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರು, ಕಲಬುರಗಿಯಿಂದ ನನ್ನ ಹತ್ತಿರವೇ ಬರುತ್ತಿದ್ದರು.

ಮೊದಮೊದಲು ರಜೆ ಸಿಕ್ಕಾಗ ಹೋಗುತ್ತಿದ್ದೆ. 2015ರಲ್ಲಿ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಆಯಿತು, ಅಂದಿನಿಂದ ಆ ಎರಡು ಶನಿವಾರ ದಾದರಿನಲ್ಲಿ ಗಾಡ್ಗೆ ಮಹಾರಾಜರ ಧರ್ಮಶಾಲೆಗೆ ಹೋಗುತ್ತೇನೆ. ಅಲ್ಲಿ ಕ್ಯಾನ್ಸರ್ ರೋಗಿಗಳೂ ಅವರ ಮನೆಯವರೂ ಉಳಿದುಕೊಳ್ಳುತ್ತಾರೆ. ನಾನು ಮಾಡುವುದು ಸಣ್ಣದು. ಫೈಲು ಓದಿ ಹೇಳುತ್ತೇನೆ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ಡಬ್ಬಿ ಮೇಲೆ ಸೂರ್ಯ, ಚಂದ್ರ ಬರೆದು ಅಂಟಿಸುತ್ತೇನೆ. ಸಹಾಯಧನದ ಅರ್ಜಿ ತುಂಬುತ್ತೇನೆ. ಬೋಧನೆ ಮಾಡುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಜೊತೆಗೆ ಕೂತು ಪ್ರಾರ್ಥನೆ ಮಾಡುತ್ತೇನೆ, ಕಷ್ಟದಲ್ಲಿರುವವರ ಮುಂದೆ ನಮ್ಮ ನಂಬಿಕೆಯನ್ನು ಮಾರಾಟಕ್ಕೆ ಇಡಬಾರದು ಅನ್ನುವುದು ನನ್ನ ಮನಸ್ಸು.

ಆ ಹುಡುಗ ಉಳಿಯಲಿಲ್ಲ. ಅಜ್ಜಿ ಪ್ರತಿ ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಾರೆ, ನಿಮ್ಮ ಹಬ್ಬ ಬಂತಲ್ಲವ್ವ ಅಂತ.

ನಿನಗೆ ಒಂದು ಪ್ರಶ್ನೆ ತಮ್ಮ. ನಿಂತ ರಾತ್ರಿ ನಿನ್ನ ಕಣ್ಣ ಮುಂದೆ ಯಾರಾದರೂ ಇದ್ದರಾ? ನನಗೆ ಅಷ್ಟು ವರ್ಷ ‘ಸೇವೆ’ ಅನ್ನುವ ಪದ ಮಾತ್ರ ಇತ್ತು, ಒಬ್ಬರ ಮುಖವೂ ಇರಲಿಲ್ಲ.

ಪಿಂಪ್ರಿಯಿಂದ, ಒಬ್ಬ ಪಾಸ್ಟರ್

ಮೇಲಿನ ಅಣ್ಣ, ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಂದು ಮಾತು ಸೇರಿಸಲೇಬೇಕು. ಕೆಲಸ ಬಿಡುವುದೂ ಕೆಲವರಿಗೆ ನಿಜವಾದ ಕರೆಯೇ. ನನಗೆ ಹಾಗೇ ಆಯಿತು. ಇದ್ದಲ್ಲೇ ಇರು ಅಂತ ಎಲ್ಲರಿಗೂ ಹೇಳಿದರೆ ಸಭೆಗಳಿಗೆ ಪಾಲಕರು ಎಲ್ಲಿಂದ ಬರಬೇಕು?

ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಆ ಯೋಚನೆ ಬಂದದ್ದು 27ಕ್ಕೆ, ನಿನ್ನದೇ ವಯಸ್ಸು. ಸೆಮಿನರಿ ಸೇರಿದ್ದು 34ಕ್ಕೆ. ನಡುವಿನ ಏಳು ವರ್ಷ ದಂಡ ಅಂತ ಆಗ ಅನಿಸುತ್ತಿತ್ತು. ಸಮುವೇಲನ ಕಥೆ ಸಂಡೇ ಸ್ಕೂಲಿನಲ್ಲೇ ಕಲಿತಿರುತ್ತೀಯ. ಹುಡುಗನನ್ನು ದೇವರೇ ಹೆಸರು ಹಿಡಿದು ಕೂಗಿದರು, ಆದರೂ ಅವನಿಗೆ ಗೊತ್ತಾಗಲಿಲ್ಲ. ಮೂರು ಸಲ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಇದು ಯಾರ ಧ್ವನಿ ಅಂತ ಮೊದಲು ತಿಳಿದದ್ದು ಮುದುಕ ಏಲಿಗೆ. ಇನ್ನೊಬ್ಬರ ಕಿವಿ ಬೇಕು ತಮ್ಮ.

ನನ್ನ ಏಲಿ ನಮ್ಮ ಹಳೆಯ ಪಾಸ್ಟರ್. ಹೇಳಿದಾಗ ಅವರು ಕುಣಿಯಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಮುಂದಿನ ಭಾನುವಾರದಿಂದ ಎಂಟು ಗಂಟೆಗೆ ಬಂದು ಬೆಂಚು ಒರೆಸು ಅಂದರು. ಆಮೇಲೆ ಸಂಡೇ ಸ್ಕೂಲು ಕೊಟ್ಟರು. ಆಮೇಲೆ ಸಾವಾದ ಮನೆಗಳಿಗೆ ಜೊತೆಗೆ ಕರೆದುಕೊಂಡು ಹೋದರು. ಅಲ್ಲಿ ಏನು ಹೇಳಬೇಕು ಅಂತ ಗೊತ್ತಾಗದೆ ನಾನು ಸುಮ್ನೆ ಕೂತಿರುತ್ತಿದ್ದೆ. ಒಂದು ದಿನ ನನ್ನ ಹೆಂಡತಿ, ಅಷ್ಟು ದಿನ ಇದಕ್ಕೆ ವಿರೋಧ ಇದ್ದವಳು, ತಾನಾಗಿ ಅಂದಳು: ನೀವು ಪಕ್ಕದಲ್ಲಿ ಕೂತರೆ ಅಳುವವರು ಸಮಾಧಾನ ಆಗುತ್ತಾರೆ, ನಾನು ನೋಡಿದ್ದೇನೆ, ಹೋಗಿ ಓದಿ. ನನಗೆ ದೇವರ ಮಾತು ಬಂದದ್ದು ಆ ಅಡುಗೆಮನೆಯಲ್ಲಿ.

ಇನ್ನು ವ್ಯವಹಾರದ ಮಾತು. ಒಳ್ಳೆಯ ಸೆಮಿನರಿಗಳು ನಿನ್ನ ಸಭೆಯ ಶಿಫಾರಸು ಪತ್ರ ಕೇಳುತ್ತವೆ. ಡಿಗ್ರಿ ಆದವರಿಗೆ ಎಂ.ಡಿವ್, ಅಂದರೆ ದೇವಶಾಸ್ತ್ರದ ಮಾಸ್ಟರ್ಸ್, ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷ ಸಂಬಳ ಇಲ್ಲ, ಆಮೇಲೂ ಕಡಿಮೆಯೇ. ಕೆಲಸದಲ್ಲಿದ್ದುಕೊಂಡೇ ಮನೆಯಲ್ಲಿ ಓದುವ ದೇವಶಾಸ್ತ್ರದ ಕೋರ್ಸುಗಳೂ ಇವೆ, ಬೆಂಗಳೂರಿನ ಟಾಫ್ಟಿ ಸಂಸ್ಥೆ ನಡೆಸುವಂಥವು. ಒಂದು ವರ್ಷ ಅದನ್ನು ಓದಿ ನೋಡು. ಸಾಲವೂ ಇಳಿಯುತ್ತೆ, ಆಸೆ ಉಳಿಯುತ್ತಾ ಅಂತಲೂ ತಿಳಿಯುತ್ತೆ.

ಒಂದು ಕಹಿ ಪ್ರಶ್ನೆ, ಸಿಟ್ಟಾಗಬೇಡ. ಈಗಿನ ಕೆಲಸ ಬೇಸರ ಬಂದಿದ್ದಕ್ಕೆ ಸೇವೆ ಚಂದ ಕಾಣುತ್ತಿದೆಯಾ? ಮ್ಯಾನೇಜರ್ ಕಾಟಕ್ಕೆ ಓಡಿ ಬಂದವರನ್ನು ನೋಡಿದ್ದೇನೆ. ಅವರಿಗೆ ಸಭೆಯ ಕಮಿಟಿಯಲ್ಲಿ ಅಂಥ ಹತ್ತು ಮ್ಯಾನೇಜರ್‌ಗಳು ಸಿಕ್ಕರು.

ಗೋವಾ, ವಾಸ್ಕೊದಿಂದ

ನಾನು ಕಥೋಲಿಕಳು, ಊರು ಹೊನ್ನಾವರ ಕಡೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ತಾಗಿದ್ದು ಆ ಒಂದು ಸಾಲು, ನಿಂತವನು ಕೂತರೆ ಅನ್ನುವುದು. ಏಕೆಂದರೆ ನಾನು ಕೂತವಳು.

19ಕ್ಕೆ ಕಾನ್ವೆಂಟ್ ಸೇರಿದೆ. ಎರಡೂವರೆ ವರ್ಷ ಇದ್ದೆ. ಮೊದಲ ವ್ರತಕ್ಕೆ ಮುಂಚೆ ವಾಪಸ್ ಬಂದೆ. ಊರಿನಲ್ಲಿ ದೈವಕರೆ ಕಳಕೊಂಡವಳು ಅಂದರು, ಅಮ್ಮ ಒಂದು ವರ್ಷ ಹಬ್ಬಕ್ಕೆ ಹೊಸ ಬಟ್ಟೆ ತೊಡಲಿಲ್ಲ. ಆದರೆ ಬಿಟ್ಟು ಬರುವ ದಿನ ನಮ್ಮನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸಿಸ್ಟರ್ ಗೇಟಿನ ತನಕ ಬಂದು, ಇಷ್ಟು ವರ್ಷ ಪರೀಕ್ಷೆಯ ಕಾಲ ಇಟ್ಟಿರುವುದು ಇದಕ್ಕೇ ಮಗಳೇ, ಇರುವವರೂ ಹೋಗುವವರೂ ಇಬ್ಬರೂ ತಿಳಿದು ಮಾಡಲಿ ಅಂತ ಅಂದರು. ನೋಡಿ, ಸನ್ಯಾಸಿನಿ ಆಗುವವರಿಗೇ ಕೊನೆಯ ವ್ರತದ ಮುಂಚೆ ಅಷ್ಟು ವರ್ಷ ಸಮಯ ಕೊಡುತ್ತಾರೆ. ಒಂದು ರಾತ್ರಿ ಎದ್ದು ನಿಂತದ್ದು ವ್ರತ ಅಲ್ಲ. ನಾನು ತಯಾರಿದ್ದೇನೆ ಅಂತ ಹೇಳಿದ್ದು, ಅಷ್ಟೇ.

ಆ ಸಿಸ್ಟರ್ ನಮಗೆ ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ಬಗ್ಗೆ ಕಲಿಸುತ್ತಿದ್ದರು. 1521ರ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದರಲ್ಲ, ಆಗ ಎರಡು ಥರದ ಕನಸು ಕಾಣುತ್ತಿದ್ದರಂತೆ. ವೀರಯೋಧನಾಗಿ ಮೆರೆಯುವ ಕನಸು ಒಂದು, ಸಂತರ ಹಾಗೆ ಬದುಕುವ ಕನಸು ಇನ್ನೊಂದು. ಕಾಣುವಾಗ ಎರಡೂ ಹಿತವೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸದಿಂದ ಅವರು ಕಲಿಯತೊಡಗಿದರು. ನಿಮಗೂ ಅದೇ ಹೇಳುತ್ತೇನೆ. ಶಿಬಿರದ ರಾತ್ರಿ ಹೇಗಿತ್ತು ಅನ್ನುವುದಕ್ಕಿಂತ ಮೂರು ವಾರ ಬಿಟ್ಟು, ಒಂದು ಸಾದಾ ಮಂಗಳವಾರ, ಬಟ್ಟೆ ಒಗೆಯುವಾಗ ಅದೇ ಯೋಚನೆ ಬಂದರೆ ಒಳಗೆ ಏನು ಉಳಿಯುತ್ತೆ ನೋಡಿ. ಭಯವಾ, ಹಗುರವಾ? ಒಂದು ಪುಸ್ತಕದಲ್ಲಿ ಬರೆದಿಡಿ. ಮನಸ್ಸು ಕತ್ತಲಾದ ದಿನ ಹಳೆಯ ನಿರ್ಧಾರ ಬದಲಿಸಬೇಡಿ, ಅದೂ ಅವರದೇ ನಿಯಮ.

ಇಲ್ಲಿ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಷೇವಿಯರರ ಶರೀರ ಇದೆ. ಭಾರತಕ್ಕೆ ಅಂತ ಮೊದಲು ಆರಿಸಿದ್ದು ಅವರನ್ನಲ್ಲ, ಬೊಬಾದಿಲ್ಲಾ ಅನ್ನುವವರನ್ನು. ಅವರಿಗೆ ಕಾಯಿಲೆ ಆಯಿತು. 1540ರಲ್ಲಿ ರೋಮಿನಲ್ಲಿ ಇಗ್ನೇಷಿಯಸರ ಪತ್ರ ವ್ಯವಹಾರ ನೋಡಿಕೊಂಡಿದ್ದ ಕ್ಷೇವಿಯರರನ್ನು ಬದಲಿಗೆ ಕಳಿಸಿದರು, ಹೆಚ್ಚು ಯೋಚಿಸಲೂ ಸಮಯ ಇರಲಿಲ್ಲ. 1542ರ ಮೇ 6ಕ್ಕೆ ಗೋವಾ ಮುಟ್ಟಿದರು. ಬೀದಿಯಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನು ಕರೆದು ಕಲಿಸುತ್ತಿದ್ದರು. ಇನ್ನೊಬ್ಬರ ಬದಲಿಗೆ ಬಂದವರು ಅನ್ನುವುದು ನನಗೆ ಬಹಳ ಧೈರ್ಯ ಕೊಟ್ಟ ಸಂಗತಿ.

ಈಗ ನಾನು ಟೇಲರಿಂಗ್ ಮಾಡುತ್ತೇನೆ, ಯಜಮಾನರು ಬಂದರಿನಲ್ಲಿ. ನಮ್ಮ ಸುತ್ತ ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಕೂಲಿಗೆ ಬಂದ ಮನೆಗಳು ಬಹಳ. ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕೊಂಕಣಿ, ಇಂಗ್ಲಿಷ್. ಸಂಜೆ ಐದರಿಂದ ಆರೂವರೆ ತನಕ ಮಷಿನ್ ಮುಚ್ಚಿಟ್ಟು ಹೋಮ್‌ವರ್ಕ್ ಮಾಡಿಸುತ್ತೇನೆ. ಹನ್ನೊಂದು ಮಕ್ಕಳು, ಚಾಪೆ ಸಾಲುವುದಿಲ್ಲ. ಕಾನ್ವೆಂಟಿನ ಆ ಎರಡೂವರೆ ವರ್ಷ ಇಲ್ಲದಿದ್ದರೆ ನನಗೆ ಈ ತಾಳ್ಮೆ ಬರುತ್ತಿರಲಿಲ್ಲ.

ಪುಣೆಯಿಂದ, ಹಾಸ್ಟೆಲ್ ವಾರ್ಡನ್

ಚಿಕ್ಕದಾಗಿ ಬರೆಯುತ್ತೇನೆ. ಪುಣೆಯಲ್ಲೇ ಇದ್ದೀರಿ, ಒಂದು ದಿನ ಕೇಡಗಾಂವ್‌ಗೆ ಹೋಗಿ ಬನ್ನಿ. ಪಂಡಿತಾ ರಮಾಬಾಯಿ ಸೇವೆ ಮಾಡಿದ ಊರು ಅದು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದದ್ದು ಮೇಲ್ಜಾತಿಯ ವಿಧವೆಯರ ಓದಿಗೆ. ಅದೇ ತಮ್ಮ ಕೆಲಸ ಅಂದುಕೊಂಡಿದ್ದರು. 1896ರ ಬರಗಾಲ ಬಂತು. ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಕೇಡಗಾಂವ್‌ನಲ್ಲಿದ್ದ ಹೊಲವೇ ಅವರ ಮನೆಯಾಯಿತು. ಕರೆ ಒಂದೇ ಸಲ ಬಂದು ಮುಗಿಯುವುದಿಲ್ಲ ಅಂತ ನನಗೆ ಅರ್ಥ ಆದದ್ದು ಅವರಿಂದ. ಮತ್ತೆ, ಅಮ್ಮನಿಗೆ ಹೇಳಿ. ಮುಚ್ಚಿಡಬೇಡಿ.

ಕೇಳಿದವನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಪಾಸ್ಟರ್ ಅಣ್ಣ, ನಿಮ್ಮ ಕಹಿ ಪ್ರಶ್ನೆಗೆ ಉತ್ತರ ಅರ್ಧ ಹೌದು. ಅದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ಸಾಲ ಮುಗಿಯುವ ತನಕ ಕೆಲಸ ಬಿಡುವುದಿಲ್ಲ. ನಮ್ಮ ಸಭೆಯ ಪಾಸ್ಟರಿಗೆ ಮೊನ್ನೆ ಹೇಳಿದೆ, ಅವರೂ ಸಂಡೇ ಸ್ಕೂಲು ಕೊಟ್ಟರು! ನಿನ್ನೆ ರಾತ್ರಿ ಅಮ್ಮನಿಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟ ಆಯ್ತಾ ಅಂದರು. ಆಮೇಲೆ ಪ್ರಾರ್ಥನೆ ಮಾಡಿದರು, ಫೋನಿನಲ್ಲೇ.

ಡೊಂಬಿವಲಿ ಅಕ್ಕಾ, ನೀವು ಕೇಳಿದಿರಲ್ಲ, ಆ ರಾತ್ರಿ ಯಾರ ಮುಖವೂ ಇರಲಿಲ್ಲ. ಮುಂದಿನ ಎರಡನೇ ಶನಿವಾರ ನಾನು ನಿಮ್ಮ ಜೊತೆ ಬರಬಹುದಾ? ಅರ್ಜಿ ತುಂಬುವುದು, ಆನ್‌ಲೈನ್ ಫಾರ್ಮ್ ಇದ್ದರೆ ಅದು, ನನಗೆ ಬರುತ್ತೆ. ಬೆಳಿಗ್ಗೆ 7:15ರ ಡೆಕ್ಕನ್ ಕ್ವೀನ್‌ಗೆ ಟಿಕೆಟ್ ನೋಡಿದೆ, ಇದೆ.

ಡೊಂಬಿವಲಿಯಿಂದ

ಬಾ. ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತನಕ ಹೋಗಬೇಡ, ದಾದರಿನಲ್ಲೇ ಇಳಿ, ಈಸ್ಟ್ ಕಡೆ ಬಂದು ಫೋನ್ ಮಾಡು. ಕಪ್ಪು ಸ್ಕೆಚ್ ಪೆನ್ ಎರಡು ತಗೊಂಡು ಬಾ, ದಪ್ಪನೆಯದು. ಊಟದ ಡಬ್ಬಿ ನಾನು ತರುತ್ತೇನೆ.