ಪೋಕೆಮಾನ್ ಎಮರಾಲ್ಡ್, ಫೈರ್‌ರೆಡ್ ಕಾರ್ಟ್ರಿಜ್‌ಗಳು ಅಸಲಿಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಬೆಳಗಾವಿ)

ಖಡೇಬಜಾರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್‌ನ ಈ ಎರಡು ಕಾರ್ಟ್ರಿಜ್‌ಗಳು ಮಾರಾಟಕ್ಕಿವೆ. ಅಂಗಡಿಯಲ್ಲಿಯೇ ಹಾಕಿ ನೋಡಿದಾಗ ಎರಡೂ ಸರಿಯಾಗಿ ಶುರುವಾದವು. ಆದರೆ ಎಮರಾಲ್ಡ್‌ನಲ್ಲಿ ಒಳಗಿನ ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂದಿದ್ದರಿಂದ ಸಂಶಯ ಹುಟ್ಟಿದೆ. ಕೇಳುತ್ತಿರುವ ಬೆಲೆಯೂ ಕಡಿಮೆಯೇನಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ವಿಜಯಪುರ)

ಆಟ ಶುರುವಾಯಿತೆಂಬುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ನಕಲಿಯಲ್ಲಿಯೂ ಅದೇ ಆಟ ಇರುತ್ತದೆ, ವ್ಯತ್ಯಾಸವಿರುವುದು ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ. ಮೊದಲು ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ. ಅಸಲಿಯಾದರೆ ಅದರ ಮೇಲೆ ಎರಡು ಅಂಕೆಗಳು, ಕೆಲವೊಮ್ಮೆ ಜೊತೆಗೊಂದು ಅಕ್ಷರ, ಶಾಯಿಯಿಲ್ಲದೆ ಒತ್ತಿದ ಗುರುತಾಗಿ ತಗ್ಗಾಗಿ ಕಾಣುತ್ತವೆ. ಅನಂತರ ಚಿನ್ನದ ಬಣ್ಣದ ಪಟ್ಟಿಗಳಿರುವ ಸಂದಿಯೊಳಗೆ ಟಾರ್ಚ್ ಬಿಡಿರಿ. ಪಟ್ಟಿಗಳ ಮೇಲ್ಗಡೆ ಬೋರ್ಡಿನ ಮೇಲೆ ನಿಂಟೆಂಡೊ ಎಂಬ ಹೆಸರಿರಬೇಕು. ಹೆಸರಿಲ್ಲದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಇದ್ದಮಾತ್ರಕ್ಕೆ ನಂಬಿಬಿಡಲೂ ಬಾರದು, ಕೈಚಳಕದ ನಕಲುಗಾರರು ಇವೆರಡನ್ನೂ ಅನುಕರಿಸುತ್ತಾರೆ.

ಉತ್ತರ (ಬಾಗಲಕೋಟೆ)

ಆ ಸಂದೇಶವೊಂದನ್ನೇ ನೋಡಿ ಎಮರಾಲ್ಡ್ ಕೈಬಿಡಬೇಡಿರಿ. ಅಮೆರಿಕದಲ್ಲಿ 2005ರಲ್ಲಿ ಬಂದ ಆ ಆಟದ ಸಿಆರ್1616 ಬ್ಯಾಟರಿ ನಡೆಸುವುದು ಒಳಗಿನ ಗಡಿಯಾರವನ್ನು ಮಾತ್ರ. ಇಷ್ಟು ವರ್ಷಗಳಿಗೆ ಅದು ಮುಗಿಯುವುದು ಸಹಜ, ಆಡಿದಷ್ಟನ್ನು ಉಳಿಸಿಡುವ ಸೇವ್ ಬ್ಯಾಟರಿ ಬೇಡದ ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದರಿಂದ ಅಳಿಯುವುದೂ ಇಲ್ಲ. ಗಡಿಯಾರವೇ ಇಲ್ಲದ ನಕಲಿಯೂ ಇದೇ ಸಂದೇಶ ತೋರಿಸಬಹುದಾದ್ದರಿಂದ ಬೋರ್ಡ್ ನೋಡದೆ ನಿರ್ಣಯ ಸಾಧ್ಯವಿಲ್ಲ.

ಫೈರ್‌ರೆಡ್ ಮಾತೇ ಬೇರೆ. ಅದರಲ್ಲಿ ಗಡಿಯಾರವಿಲ್ಲ, ಹೀಗಾಗಿ ಅಸಲಿ ಬೋರ್ಡಿನಲ್ಲಿ ಬ್ಯಾಟರಿಯೂ ಇರುವುದಿಲ್ಲ. ಬ್ಯಾಟರಿ ಕಂಡರೆ ಅದು ಅಗ್ಗದ ಮೆಮೊರಿಯಲ್ಲಿ ಸೇವ್ ಹಿಡಿದಿಡಲು ನಕಲುಗಾರರು ಹಾಕಿದ್ದು; ಅದು ಮುಗಿದ ದಿನ ಮಕ್ಕಳು ತಿಂಗಳುಗಟ್ಟಲೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ. ನನಗೆ ಅತಿಯಾಗಿ ಸಿಟ್ಟು ಬರುವುದು ಇದಕ್ಕೇ. (ಗೇಮ್ ಬಾಯ್ ಕಲರ್ ಕಾಲದ ಗೋಲ್ಡ್, ಸಿಲ್ವರ್‌ಗಳಿಗೆ ಈ ನಿಯಮ ಹಚ್ಚಬೇಡಿರಿ, ಅಲ್ಲಿ ಅಸಲಿಯ ಸೇವ್ ಕೂಡ ಬ್ಯಾಟರಿಯ ಮೇಲೆಯೇ ನಿಂತಿದೆ.)

ಮೂರು ರೆಕ್ಕೆಯ ಟ್ರೈ-ವಿಂಗ್ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ, ಹಣ ಕೊಡುವ ಮೊದಲು ಮಾರುವವರ ಎದುರಿನಲ್ಲಿಯೇ ತೆರೆಯಿರಿ. ಎಲೆಕ್ಟ್ರಾನಿಕ್ ಚಿಪ್ ಇರಬೇಕಾದ ಜಾಗದಲ್ಲಿ ಕರಿಯ ಅಂಟಿನ ಗುಡ್ಡೆಯಿದ್ದರೆ ಮರಳಿಸಿಬಿಡಿರಿ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಟಾರ್ಚ್ ಬಿಟ್ಟು ನೋಡಿದೆ: ಫೈರ್‌ರೆಡ್ ಬೋರ್ಡಿನ ಮೇಲೆ ಯಾವ ಹೆಸರೂ ಇಲ್ಲ, ಆದ್ದರಿಂದ ಅದನ್ನು ಬಿಟ್ಟೆ. ಎಮರಾಲ್ಡ್‌ನಲ್ಲಿ ಹೆಸರೂ ಲೇಬಲ್ಲಿನ ಒತ್ತು ಗುರುತೂ ಇವೆ. ತೆರೆದು ತೋರಿಸಲು ಅಂಗಡಿಯವರು ಒಪ್ಪಿದ್ದಾರೆ. ಬೋರ್ಡಿನ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ, ನೋಡಿ ಹೇಳಿರಿ.