ಪದಚರ್ಚೆ: 'ಮಿರರ್‌ಲೆಸ್' ಬಂದ ಮೇಲೆ ಕನ್ನಡಿ ಇರುವ ಕ್ಯಾಮೆರಾಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಛಾಯಾಗ್ರಹಣ ಕಲಿಯುವ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. 'ನಾನು ಇಂದಿಗೂ ಇಂಥ ಕ್ಯಾಮೆರಾ ಬಳಸುತ್ತೇನೆ' ಎಂಬ ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದೇನೆ. ನನ್ನದು 2008ರಲ್ಲಿ ಬಂದ, ಒಳಗೆ ಕನ್ನಡಿ ಇರುವ ನಿಕಾನ್ ಡಿ700. ಹಿಡಿತದ ಬಳಿ ಅದರ ಬಣ್ಣ ಸವೆದಿದೆ, ನನ್ನ ಬೆರಳುಗಳಿಗೆ ಅದರ ಒಂದೊಂದು ಗುಂಡಿಯೂ ಕತ್ತಲಲ್ಲೇ ಸಿಗುತ್ತದೆ. ಅದನ್ನು ಮಾರುವ ಯೋಚನೆ ನನಗಿಲ್ಲ. ಆದರೆ ಅದನ್ನು ಕರೆಯಲು ಒಂದು ಒಳ್ಳೆಯ ಪದ ಬೇಕು.

ಇಂಥ ಕ್ಯಾಮೆರಾದ ಇಂಗ್ಲಿಷ್ ಹೆಸರು 'ಡಿಎಸ್‌ಎಲ್‌ಆರ್' ಎಲ್ಲರಿಗೂ ಗೊತ್ತು. ಅದನ್ನು 'ಏಕಮಸೂರ ಪ್ರತಿಫಲನ ಕ್ಯಾಮೆರಾ' ಎಂದು ಬಿಡಿಸಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. 'ಏಕ' ಎಂದರೆ ಒಂದೇ ಲೆನ್ಸ್ ಹಾಕಬಹುದು ಎಂದಲ್ಲ. ರೋಲೈಫ್ಲೆಕ್ಸ್‌ನಂಥ ಜೋಡಿ ಲೆನ್ಸಿನ ಕ್ಯಾಮೆರಾಗಳಲ್ಲಿ ನೋಡಲು ಮೇಲೊಂದು, ಚಿತ್ರ ಹಿಡಿಯಲು ಕೆಳಗೊಂದು ಲೆನ್ಸ್ ಇರುತ್ತಿತ್ತು. ಇಲ್ಲಿ ಎರಡು ಕೆಲಸಕ್ಕೂ ಒಂದೇ. 'ಮಸೂರ'ದ ಬಗ್ಗೆ ನನ್ನ ತಕರಾರಿಲ್ಲ. ಲ್ಯಾಟಿನ್ನಿನ ಲೆನ್ಸ್ ಎಂದರೂ ಅದೇ ಬೇಳೆ.

ಆ ಕನ್ನಡಿಯನ್ನು ಕೈಬಿಟ್ಟ ಬಗೆಯ ಹೆಸರಾದ 'ಮಿರರ್‌ಲೆಸ್' ಕಡೆಗೆ ಬರೋಣ. 'ಕನ್ನಡಿರಹಿತ' ಎಂದರೆ ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸ. ಆ ದೋಷವನ್ನು ನಾನು ದೊಡ್ಡದು ಮಾಡುವುದಿಲ್ಲ. ವ್ಯಾಕರಣಕಾರ ಕೇಶಿರಾಜ ಹಾಕಿದ ಗೆರೆಯನ್ನು ಪತ್ರಿಕೆಗಳ ಭಾಷೆ ಎಂದೋ ದಾಟಿದೆ. ಸಂಸ್ಕೃತದಲ್ಲೇ ಇರಲೆಂದು, 'ನಿಸ್ತಂತು'ವಿನ ಜಾಡಿನಲ್ಲಿ 'ನಿರ್ದರ್ಪಣ' ಎಂದು ಮಾಡಿ ನೋಡಿದೆ. ಕಿವಿಗೆ ಮೊದಲು ಬೀಳುವುದು 'ದರ್ಪ'. ಹಾಗಾಗಿ ಅದನ್ನು ಬಿಟ್ಟೆ. 'ಕನ್ನಡಿಯಿಲ್ಲದ ಕ್ಯಾಮೆರಾ' ಎನ್ನುವುದೇ ಸರಿಯೆನಿಸುತ್ತದೆ. ಮೊಬೈಲಿನ ಕ್ಯಾಮೆರಾದಲ್ಲೂ ಕನ್ನಡಿಯಿಲ್ಲ, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಇರಬೇಕಾಗಿದ್ದ ಕಡೆ ಇಲ್ಲವಾದಾಗ ಮಾತ್ರ 'ಇಲ್ಲದ' ಎನ್ನುತ್ತೇವೆ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಕನ್ನಡಿಯಿಲ್ಲದ ಬಗೆಯ ಮೊದಲ ಕ್ಯಾಮೆರಾ, ಪ್ಯಾನಸಾನಿಕ್ ಜಿ1, ಬಂದದ್ದೂ 2008ರಲ್ಲೇ. ಎಂದರೆ ನನ್ನ ಕ್ಯಾಮೆರಾ ಮತ್ತು ಅದನ್ನು 'ಹಳೆಯದು' ಮಾಡಿದ ಬಗೆ ಒಂದೇ ವರ್ಷದ ಕೂಸುಗಳು. ಆದ್ದರಿಂದಲೇ 'ಹಳೆಯ ಕ್ಯಾಮೆರಾ' ಎಂಬ ಹೆಸರನ್ನು ನಾನು ಒಪ್ಪಲಾರೆ. ನಾಳೆ ಕನ್ನಡಿಯಿಲ್ಲದ್ದೂ ಹಳೆಯದಾಗುತ್ತದೆ.

ನನ್ನ ಸಲಹೆ 'ಕನ್ನಡಿ ಕ್ಯಾಮೆರಾ'. ಮಾತಾಡುವ ಚಿತ್ರ ಬಂದ ಮೇಲೆ ತಾನೇ ಹಿಂದಿನದಕ್ಕೆ 'ಮೂಕಿ' ಎಂಬ ಹೆಸರು ಬೇಕಾದದ್ದು? ಹಾಗೆಯೇ ಇದೂ. ಆದರೆ ಮನೆಯಲ್ಲಿ ಈ ಪದ ಹೇಳಿದಾಗ ಮಗಳು, "ಅದರಲ್ಲಿ ನಮ್ಮ ಮುಖ ಕಾಣುತ್ತದೆಯೇ?" ಎಂದು ಕೇಳಿದಳು. ಲೆನ್ಸ್ ಕಳಚಿ ತೋರಿಸಿದೆ. ಓರೆಯಾಗಿ ನಿಂತ ಪುಟ್ಟ ಕನ್ನಡಿಯಲ್ಲಿ ಅವಳಿಗೆ ಕಂಡದ್ದು ಮುಖವಲ್ಲ, ಮೇಲಿರುವ ಮಬ್ಬು ಗಾಜಿನ ಬಿಂಬ. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ಮೇಲಕ್ಕೆ ತಿರುಗಿಸುತ್ತದೆ, ಗಾಜಿನ ಮೇಲೆ ಮೂಡಿದ ಬಿಂಬವನ್ನು ಪಟ್ಟಕವೊಂದು ನೆಟ್ಟಗೆ ಮಾಡಿ ಕಣ್ಣಿಗೆ ತಲುಪಿಸುತ್ತದೆ. ಇಷ್ಟು ವಿವರಿಸಿದ ಮೇಲೆ ಅವಳಿಗೆ ಪದ ಒಪ್ಪಿಗೆಯಾಯಿತು. ವಿವರಣೆಯಿಲ್ಲದೆ ಓದುವವರಿಗೂ ಒಪ್ಪಿಗೆಯಾಗುತ್ತದೆಯೇ?

ಎರಡನೆಯ ಪ್ರಶ್ನೆ ನನಗೆ ಇನ್ನೂ ಮುಖ್ಯ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರುತ್ತದೆ. ಆ ಗಳಿಗೆ ನೋಟ ಕಪ್ಪಾಗುತ್ತದೆ, ಟಪ್ಪೆಂದು ಕನ್ನಡಿ ಕೆಳಗಿಳಿದರೆ ಲೋಕ ಮರಳುತ್ತದೆ. ಚಿತ್ರವಾದ ಆ ಕ್ಷಣವನ್ನೇ ತೆಗೆದವನು ನೋಡಿರುವುದಿಲ್ಲ. ಹಾರುವ ಹಕ್ಕಿಯ ರೆಕ್ಕೆ ಹೇಗೆ ಬಿಚ್ಚಿಕೊಂಡಿತ್ತು ಎಂಬುದು ನನಗೆ ತಿಳಿಯುವುದು ಆಮೇಲೆ ಹಿಂಬದಿಯ ಪರದೆಯಲ್ಲಿ. ಈ ಕ್ಯಾಮೆರಾದ ಮೇಲೆ ನನಗಿರುವ ಪ್ರೀತಿಯ ಬಹುಪಾಲು ಅಲ್ಲೇ ಇದೆ. ಇಂಗ್ಲಿಷಿನವರು ಇದನ್ನು 'ಬ್ಲ್ಯಾಕ್‌ಔಟ್' ಎನ್ನುತ್ತಾರೆ. ನಮ್ಮ ಕಿವಿಗೆ ಅದು ವಿದ್ಯುತ್ ಹೋದಂತೆ ಕೇಳುತ್ತದೆ.

ಇದಕ್ಕೆ 'ಎವೆಯಿಕ್ಕು' ಎಂದರೆ ಹೇಗೆ? 'ಕನ್ನಡಿ ಎವೆಯಿಕ್ಕುತ್ತದೆ' ಎಂದು ಬರೆದು ಓದಿಕೊಂಡೆ, ಹಿತವಾಗಿತ್ತು. ಕನ್ನಡಿಯಿಲ್ಲದವುಗಳಲ್ಲಿ 2017ರ ಸೋನಿ ಎ9ನಂಥವು ನೋಟ ಕಪ್ಪಾಗದಂತೆ ಸತತವಾಗಿ ಚಿತ್ರ ತೆಗೆಯುತ್ತವೆ. ಅವುಗಳನ್ನು 'ಎವೆಯಿಕ್ಕದ' ಕ್ಯಾಮೆರಾ ಎನ್ನಬಹುದು. 'ಎವೆಯಿಕ್ಕದೆ ನೋಡು' ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ.

ಒಂದು ತೊಡಕು. ಎವೆ ಎಂದೊಡನೆ ಓದುಗರು ಕನ್ನಡಿಯನ್ನು ಬಿಟ್ಟು, ಅದರ ಹಿಂದೆ ತೆರೆದು ಮುಚ್ಚುವ ಶಟರನ್ನು ನೆನೆಯಬಹುದು. ಶಟರಿಗೆ ನೀವು ಬೇರೆ ಕನ್ನಡ ಪದ ಬಳಸುತ್ತಿದ್ದರೆ, ಅಥವಾ ಹಿರಿಯ ಛಾಯಾಗ್ರಾಹಕರ ಬಾಯಲ್ಲಿ ಈ ಕಪ್ಪು ಗಳಿಗೆಗೆ ಬೇರೆ ಮಾತು ಕೇಳಿದ್ದರೆ, ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ತಿಳಿಸಿ.