ಫೆಡ್-2 ಕ್ಯಾಮೆರಾದ ಹಳೆ ಕ್ಯಾಸೆಟ್ ಬಾಯಿ ತೆರೆಯುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಸೋವಿಯತ್ ಕಾಲದ ಫೆಡ್-2 ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡುವ ಫಿಲ್ಮ್ ಕ್ಯಾಮೆರಾ) ಸಿಕ್ಕಿತು. ಜೊತೆಗೆ ಮತ್ತೆ ಮತ್ತೆ ಫಿಲ್ಮ್ ತುಂಬಿಸಬಹುದಾದ ಎರಡು ಲೋಹದ ಕ್ಯಾಸೆಟ್. 100 ಅಡಿಯ ಫಿಲ್ಮ್ ಸುರುಳಿ ತಂದು ಕತ್ತರಿಸಿದರೆ 36 ಫ್ರೇಮಿನ ಸುಮಾರು 18 ರೋಲ್ ಆಗುತ್ತದೆ, ಅದಕ್ಕೇ ಇವನ್ನು ಬಳಸುವ ಆಸೆ.

ಇವು ಅಂಗಡಿಯ ಕ್ಯಾಸೆಟ್ ತರಹ ಅಲ್ಲ. ಬಾಯಲ್ಲಿ ಬೆಳಕು ತಡೆಯುವ ಮಖಮಲ್ ಪಟ್ಟಿ ಇಲ್ಲ. ಒಂದರೊಳಗೊಂದು ಎರಡು ಕೊಳವೆ. ಕ್ಯಾಮೆರಾದ ತಳದ ಬೀಗ ತಿರುಗಿಸಿದಾಗ ಎರಡರ ಸೀಳು ಒಂದೇ ಸಾಲಿಗೆ ಬಂದು ಬಾಯಿ ಅಗಲವಾಗಿ ತೆರೆಯಬೇಕು. ಫಿಲ್ಮ್ ಎಲ್ಲೂ ಉಜ್ಜುವುದಿಲ್ಲ. ಎಂಥ ತಲೆ ಅಲ್ವಾ!

ಆದರೆ ಟಾಗೋರ್ ಬೀಚ್‌ನಲ್ಲಿ ತೆಗೆದ ರೋಲ್‌ನಲ್ಲಿ ಉದ್ದಕ್ಕೂ ಒಂದೇ ಗೀರು. ಫಿಲ್ಮ್ ಮುಂದಕ್ಕೆ ತಿರುಗಿಸುವಾಗಲೂ ಬಿಗಿ. ಹಾಳು ಫಿಲ್ಮ್ ಹಾಕಿ ಬೆಳಕಲ್ಲಿ ನೋಡಿದೆ. ಬೀಗ ತಿರುಗಿಸಿದರೆ ಇಡೀ ಕ್ಯಾಸೆಟ್ಟೇ ಸುತ್ತುತ್ತದೆ, ಬಾಯಿ ಅರ್ಧ ಮಾತ್ರ ತೆರೆಯುತ್ತದೆ.

ಹೊರಗಿನ ಕೊಳವೆಯನ್ನು ಹಿಡಿದಿಡುವುದು ಯಾವ ಭಾಗ? ಕ್ಯಾಸೆಟ್ಟಿನ ಸಣ್ಣ ಸ್ಪ್ರಿಂಗ್ ಸೋತಿದೆಯೋ, ನಾನು ಇಡುವ ದಿಕ್ಕೇ ತಪ್ಪೋ? ಕೀವ್-4 ಎಂಬ ಇನ್ನೊಂದು ಸೋವಿಯತ್ ಕ್ಯಾಮೆರಾದ ಕ್ಯಾಸೆಟ್ ಇದಕ್ಕೆ ಕೂರುತ್ತದೆಯೇ? ಸುಮ್ನೆ ಎಣ್ಣೆ ಹಾಕಲು ಭಯ, ಫಿಲ್ಮಿಗೆ ತಾಗಿದರೆ ಕಷ್ಟ. ನಮ್ಮ ಕರಾವಳಿಯ ತೇವಕ್ಕೆ ತುಕ್ಕು ಬೇರೆ ಸ್ವಲ್ಪ ಇದೆ.

ಬಳಸಿದವರು ಒಳಗಿನ ಫೋಟೋ ಹಾಕಿದರೆ ಉಪಕಾರ. ಶಿರಸಿ, ಕುಮಟಾ ಕಡೆ ಯಾರಾದರೂ ಇದ್ದರೆ ಕ್ಯಾಮೆರಾ ಹಿಡಿದುಕೊಂಡು ನಾನೇ ಬರುತ್ತೇನೆ.